ಸ್ವಾಲ್ಬಾರ್ಡ್ ಸಮುದ್ರಯಾನ: ಹಡಗು ಆರಿಸುವುದರಿಂದ ದಡಕ್ಕಿಳಿಯುವವರೆಗೆ

ನಾರ್ವೆಯ ಮುಖ್ಯ ಭೂಭಾಗಕ್ಕೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಡುವೆ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿಕೊಂಡಿರುವ ಸ್ವಾಲ್ಬಾರ್ಡ್ ದ್ವೀಪಸಮೂಹವು, ಆರ್ಕ್ಟಿಕ್ ಪ್ರದೇಶವನ್ನು ಸಣ್ಣ ಹಡಗಿನಲ್ಲಿ ಸುತ್ತಿ ಅಲ್ಲಲ್ಲಿ ದಡಕ್ಕಿಳಿದು ನೋಡಬಯಸುವವರಿಗೆ ಬಹುಶಃ ಎಲ್ಲಕ್ಕಿಂತ ಸುಲಭವಾಗಿ ತಲುಪಬಹುದಾದ ಜಾಗ. ಸುಮಾರು 2,500 ಜನರಿರುವ ಅದರ ಮುಖ್ಯ ಊರು ಲಾಂಗಿಯರ್‌ಬೈನ್ 78 ಡಿಗ್ರಿ ಉತ್ತರದಲ್ಲಿದ್ದರೂ ಓಸ್ಲೋದಿಂದ ಅಲ್ಲಿಗೆ ಮೂರು ಗಂಟೆಯ ವಿಮಾನಯಾನವಷ್ಟೆ. ದಕ್ಷಿಣದಿಂದ ಬರುವ ಬೆಚ್ಚಗಿನ ಸಾಗರಪ್ರವಾಹವೊಂದು ಪಶ್ಚಿಮ ಕರಾವಳಿಗೆ ತಗಲಿಕೊಂಡೇ ಹರಿಯುವುದರಿಂದ ಬೇಸಿಗೆಯಲ್ಲಿ ಆ ಕಡೆಯ ನೀರು ಹಡಗುಗಳಿಗೆ ತೆರೆದಿರುತ್ತದೆ. ಇಂಥ ಯಾನಕ್ಕೆ ಸಿದ್ಧರಾಗುವವರು ಒಂದು ಮಾತನ್ನು ಮೊದಲೇ ಮನಗಂಡಿರಬೇಕು. ನಾವು ಹಣ ಕೊಟ್ಟು ಕಾಯ್ದಿರಿಸುವುದು ಹಡಗಿನ ಕೋಣೆಯನ್ನು. ದಡಕ್ಕಿಳಿಯುವ ಅವಕಾಶವು ಗಾಳಿ, ಮಂಜುಗಡ್ಡೆ, ಹಿಮಕರಡಿ ಮತ್ತು ನಾರ್ವೆಯ ಕಾನೂನು ಈ ನಾಲ್ಕರ ಅಧೀನದಲ್ಲಿರುತ್ತದೆ. ಆದ್ದರಿಂದ ತಿಂಗಳು, ಹಡಗು, ಬಟ್ಟೆ, ದೇಹದ ತಯಾರಿ ಯಾವುದನ್ನೇ ತೀರ್ಮಾನಿಸುವಾಗಲೂ ‘ಇದರಿಂದ ದಡದ ಮೇಲೆ ನನಗೆ ಅನುಕೂಲವಾಗುತ್ತದೆಯೇ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಯಾವ ತಿಂಗಳು, ಯಾವ ಹಡಗು

ಯಾನದ ಋತು ಸಾಮಾನ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಮೇ ಮತ್ತು ಜೂನ್ ಮೊದಲ ಭಾಗದಲ್ಲಿ ಬೆಟ್ಟಗಳು ತಳದವರೆಗೂ ಹಿಮ ಹೊದ್ದಿರುತ್ತವೆ, ಹಲವು ಫ್ಯೋರ್ಡ್‌ಗಳ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲತೋಳುಗಳ) ಒಳಭಾಗದಲ್ಲಿ ದಡಕ್ಕಂಟಿದ ಮಂಜುಗಡ್ಡೆ ಇನ್ನೂ ಕರಗಿರುವುದಿಲ್ಲ. ನೋಟಕ್ಕೆ ಅದು ಅತ್ಯಂತ ಸುಂದರ ಕಾಲವಾದರೂ ಕಾಲಿಡಬಹುದಾದ ಜಾಗಗಳು ಕಡಿಮೆ. ಜುಲೈ ಹೊತ್ತಿಗೆ ಹಿಮ ಮೇಲಕ್ಕೆ ಸರಿದು, ನೆಲದಲ್ಲಿ ಬೆರಳುದ್ದವೂ ಬೆಳೆಯದ ಹೂಗಿಡಗಳು ಅರಳಿ, ಕಡಿಬಂಡೆಗಳಲ್ಲಿ ಕಡಲಹಕ್ಕಿಗಳು ಕಿಕ್ಕಿರಿದಿರುತ್ತವೆ. ಮುಖ್ಯ ದ್ವೀಪವಾದ ಸ್ಪಿಟ್ಸ್‌ಬರ್ಗನ್ನನ್ನು ಪೂರ್ತಿ ಸುತ್ತುವ ಆಸೆಯಿದ್ದವರು ಜುಲೈ ಕೊನೆ ಅಥವಾ ಆಗಸ್ಟ್ ತಿಂಗಳನ್ನು ಆರಿಸಿಕೊಳ್ಳಬೇಕು, ಏಕೆಂದರೆ ಉತ್ತರ ಮತ್ತು ಪೂರ್ವದ ಮಂಜುಗಡ್ಡೆ ಅಷ್ಟು ಹೊತ್ತಿಗೆ ದಾರಿ ಬಿಡುವ ಸಂಭವ ಹೆಚ್ಚು. ಆದರೆ ಆಗಸ್ಟ್ ಮಧ್ಯಕ್ಕೆ ಹೋದವರು ಹಿನ್ಲೋಪೆನ್ ಜಲಸಂಧಿಯ ಆಲ್ಕೆಫ್ಯೆಲೆಟ್ ಬಂಡೆಯೆದುರು ನಿಂತು ಹಕ್ಕಿಗಳೆಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ಗೂಡುಕಟ್ಟುವ ಹತ್ತಾರು ಸಾವಿರ ಗಿಲ್ಲೆಮಾಟ್ ಹಕ್ಕಿಗಳು ಇನ್ನೂ ಹಾರಲು ಬಾರದ ಮರಿಗಳನ್ನು ನೀರಿಗೆ ಹಾರಿಸಿಕೊಂಡು ಆ ವೇಳೆಗೆ ಕಡಲಿಗೆ ಹೊರಟುಹೋಗಿರುತ್ತವೆ. ಹಿಮ, ಹಕ್ಕಿ, ಪೂರ್ಣ ಪ್ರದಕ್ಷಿಣೆ ಈ ಮೂರೂ ಒಂದೇ ಯಾನದಲ್ಲಿ ಸಿಗುವುದು ಅಪರೂಪ. ಮೊದಲ ಸಲ ಹೋಗುವವರಿಗೆ ಜುಲೈ ಮಧ್ಯಭಾಗವೇ ಸೂಕ್ತವೆಂದು ನನ್ನ ಅಭಿಪ್ರಾಯ.

ಹಡಗಿನ ವಿಷಯದಲ್ಲಿ ನೋಡಬೇಕಾದ ಮೊದಲ ಅಂಕಿ ಪ್ರಯಾಣಿಕರ ಸಂಖ್ಯೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಸ್ವಾಲ್ಬಾರ್ಡಿನ ಸಂರಕ್ಷಿತ ಪ್ರದೇಶಗಳೊಳಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿಗೆ ಪ್ರವೇಶವಿಲ್ಲ. ಆ ಪ್ರದೇಶಗಳಲ್ಲಿ ಹಡಗಿನಿಂದ ಜನರನ್ನು ಇಳಿಸಲು ಗೊತ್ತುಮಾಡಿರುವ ಜಾಗಗಳು 43 ಮಾತ್ರ. ದ್ವೀಪಸಮೂಹದ ಹೆಚ್ಚಿನ ಭಾಗ ಸಂರಕ್ಷಿತವೇ ಆಗಿರುವುದರಿಂದ ದೊಡ್ಡ ಹಡಗಿನಲ್ಲಿ ಹೋದವರಿಗೆ ಸ್ವಾಲ್ಬಾರ್ಡಿನ ಬಹುಭಾಗ ದೂರದ ದೃಶ್ಯವಾಗಿಯೇ ಉಳಿಯುತ್ತದೆ. ನೂರರ ಆಸುಪಾಸಿನಲ್ಲಿ ಪ್ರಯಾಣಿಕರಿರುವ ಹಡಗು ಹದವಾದ ಆಯ್ಕೆ. ಹನ್ನೆರಡು, ಇಪ್ಪತ್ತು ಜನರ ಹಾಯಿಹಡಗುಗಳೂ ಇವೆ. ಅವುಗಳಲ್ಲಿ ಎಲ್ಲರೂ ಒಟ್ಟಿಗೆ ದಡಕ್ಕಿಳಿಯಬಹುದಾದ್ದರಿಂದ ನೆಲದ ಮೇಲೆ ಹೆಚ್ಚು ಹೊತ್ತು ಸಿಗುತ್ತದೆ, ಆದರೆ ತೂಗಾಟವೂ ಹೆಚ್ಚು, ಗಟ್ಟಿ ಮಂಜುಗಡ್ಡೆ ಎದುರಾದರೆ ಹಿಂತಿರುಗುವುದೂ ಬೇಗ. ಕಂಪನಿಗೆ ಕೇಳಬೇಕಾದ ಪ್ರಶ್ನೆಗಳು ಇವು: ಹಡಗಿನಲ್ಲಿ ಎಷ್ಟು ಮಂದಿ ಗೈಡುಗಳಿರುತ್ತಾರೆ, ಎಲ್ಲರನ್ನೂ ಒಮ್ಮೆಗೇ ಇಳಿಸುತ್ತೀರೋ ಸರದಿಯ ಮೇಲೆ ಇಳಿಸುತ್ತೀರೋ, ಮಂಜುಗಡ್ಡೆಯನ್ನು ತಾಳುವ ಶಕ್ತಿಯನ್ನು ಸೂಚಿಸುವ ಐಸ್ ಕ್ಲಾಸ್ ಹಡಗಿಗೆ ಯಾವ ದರ್ಜೆಯದಿದೆ, ನಿಧಾನವಾಗಿ ನಡೆಯುವವರಿಗೆ ಪ್ರತ್ಯೇಕ ಗುಂಪು ಇದೆಯೇ. 2003ರಲ್ಲಿ ಸ್ಥಾಪನೆಯಾದ ಏಕೋ (AECO) ಎಂಬ ಆರ್ಕ್ಟಿಕ್ ಕ್ರೂಸ್ ಸಂಸ್ಥೆಗಳ ಒಕ್ಕೂಟದಲ್ಲಿ ಆ ಕಂಪನಿಗೆ ಸದಸ್ಯತ್ವವಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಇವಕ್ಕೆ ನೇರ ಉತ್ತರ ಕೊಡದೆ ಬಾಲ್ಕನಿಯ ಅಳತೆಯನ್ನೇ ವರ್ಣಿಸುವ ಏಜೆಂಟರಿಂದ ದೂರವಿರುವುದು ಲೇಸು. ಬಾಲ್ಕನಿಗೆ ಕೊಡುವ ಹೆಚ್ಚುವರಿ ಹಣವನ್ನು ಉಳಿಸಿ ಇನ್ನೆರಡು ದಿನ ಹೆಚ್ಚಿನ ಯಾನವನ್ನು ಆರಿಸಿಕೊಳ್ಳುವುದೇ ಜಾಣತನ. ಗಾಳಿಯಿಂದ ಒಂದು ದಿನ ಕೆಟ್ಟರೆ ಐದು ದಿನದ ಯಾನದಲ್ಲಿ ಆಗುವ ನಷ್ಟ, ಹತ್ತು ದಿನದ ಯಾನದಲ್ಲಿ ಅಷ್ಟಾಗಿ ತಟ್ಟುವುದಿಲ್ಲ.

ವೀಸಾ ಮತ್ತು ವಿಮೆ

ಇಲ್ಲಿ ಭಾರತೀಯರು ಎಡವುವುದು ಸಾಮಾನ್ಯ. 1920ರ ಸ್ವಾಲ್ಬಾರ್ಡ್ ಒಪ್ಪಂದವು ದ್ವೀಪಗಳ ಮೇಲಿನ ಒಡೆತನವನ್ನು ನಾರ್ವೆಗೆ ಕೊಟ್ಟರೂ ಸಹಿ ಹಾಕಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ಸಮಾನ ಪ್ರವೇಶದ ಹಕ್ಕನ್ನು ಇಟ್ಟಿದೆ, ಅಂದಿನ ಬ್ರಿಟಿಷ್ ಆಡಳಿತದ ಭಾರತದ ಹೆಸರೂ ಸಹಿದಾರರಲ್ಲಿದೆ. ಹೀಗಾಗಿ ಸ್ವಾಲ್ಬಾರ್ಡಿಗೆಂದೇ ವೀಸಾ ಬೇಕಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಓಸ್ಲೋ ಅಥವಾ ಉತ್ತರ ನಾರ್ವೆಯ ಟ್ರೊಮ್ಸೋ ನಗರದ ಮೂಲಕವೇ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಷೆಂಗೆನ್ ವಲಯದ ಮೂಲಕ. ಸ್ವಾಲ್ಬಾರ್ಡ್ ಮಾತ್ರ ಆ ವಲಯದ ಹೊರಗಿದೆ. ಓಸ್ಲೋದಿಂದ ಲಾಂಗಿಯರ್‌ಬೈನ್‌ಗೆ ಹಾರಿದ ಕ್ಷಣ ನೀವು ಷೆಂಗೆನ್ನಿನಿಂದ ಹೊರಹೋದಂತೆ, ಮರಳಿ ಬರುವಾಗ ಎರಡನೆಯ ಸಲ ಪ್ರವೇಶಿಸಿದಂತೆ ಲೆಕ್ಕ. ಆದ್ದರಿಂದ ಕನಿಷ್ಠ ಎರಡು ಪ್ರವೇಶಗಳ ವೀಸಾ ಇರಲೇಬೇಕು. ಅರ್ಜಿಯಲ್ಲಿ ಇದನ್ನು ಸ್ಪಷ್ಟವಾಗಿ ಗುರುತು ಮಾಡಿ, ಹಡಗಿನ ಕಾಯ್ದಿರಿಸುವಿಕೆಯ ಪತ್ರವನ್ನೂ ಪ್ರಯಾಣದ ವಿವರವನ್ನೂ ಜೊತೆಗಿಡಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಯ ದಟ್ಟಣೆಯಲ್ಲಿ ಭೇಟಿಯ ದಿನಾಂಕಗಳು ಬೇಗ ತುಂಬಿಹೋಗುವುದರಿಂದ ತಡಮಾಡಬಾರದು.

ವಿಮೆಯ ಪತ್ರದಲ್ಲಿ ‘ಯೂರೋಪ್’ ಅಥವಾ ‘ಷೆಂಗೆನ್’ ಎಂದಷ್ಟೇ ಇದ್ದರೆ ಸಾಲದು. ಸ್ವಾಲ್ಬಾರ್ಡ್ ಸೇರಿದೆಯೇ, ಸಮುದ್ರಯಾನ ಸೇರಿದೆಯೇ, ಹೆಲಿಕಾಪ್ಟರಿನಿಂದ ತೆರವುಗೊಳಿಸುವ ವೆಚ್ಚ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಲಾಂಗಿಯರ್‌ಬೈನ್‌ನ ಆಸ್ಪತ್ರೆ ಸಣ್ಣದು, ಗಂಭೀರ ರೋಗಿಗಳನ್ನು ವಿಮಾನದಲ್ಲಿ ಟ್ರೊಮ್ಸೋಗೆ ಕಳುಹಿಸುತ್ತಾರೆ. ನಿತ್ಯದ ಔಷಧಿಯನ್ನು ಯಾನಕ್ಕೆ ಬೇಕಾದ್ದರ ಎರಡು ಪಟ್ಟು ಜೊತೆಗೆ ಒಯ್ದು, ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಹಡಗು ಹೊರಡುವ ಹಿಂದಿನ ದಿನವಾದರೂ ಲಾಂಗಿಯರ್‌ಬೈನ್ ಸೇರಿರುವುದು ಅಗತ್ಯ, ಏಕೆಂದರೆ ದಾರಿಯಲ್ಲಿ ತಪ್ಪಿಹೋದ ಪೆಟ್ಟಿಗೆಗಾಗಿ ಹಡಗು ಕಾಯುವುದಿಲ್ಲ, ಮುಂದಿನ ಬಂದರಿಗೆ ತಲುಪಿಸೋಣವೆಂದರೆ ಮುಂದೆ ಬಂದರೇ ಇಲ್ಲ. (ಆ ಊರಿನ ಅನೇಕ ಹೋಟೆಲುಗಳಲ್ಲಿ ಬಾಗಿಲಲ್ಲೇ ಪಾದರಕ್ಷೆ ಬಿಡುವ ಪದ್ಧತಿಯಿದೆ, ಕಲ್ಲಿದ್ದಲ ಗಣಿಗಾರರು ಮಸಿ ಮೆತ್ತಿದ ಬೂಟುಗಳನ್ನು ಹೊರಗೇ ಕಳಚುತ್ತಿದ್ದ ಕಾಲದಿಂದ ಉಳಿದುಬಂದದ್ದು. ನಮ್ಮವರಿಗೆ ಇದನ್ನು ಕಲಿಸಬೇಕಿಲ್ಲ.)

ಬಟ್ಟೆ, ಬೂಟು, ಊಟ

ಜುಲೈ ತಿಂಗಳಲ್ಲಿ ಲಾಂಗಿಯರ್‌ಬೈನ್‌ನ ಸರಾಸರಿ ಉಷ್ಣತೆ ಆರೇಳು ಡಿಗ್ರಿ ಸೆಲ್ಸಿಯಸ್. ಇಷ್ಟೇ ತಾನೇ ಎನಿಸಬಹುದು. ಆದರೆ ಹಿಮನದಿಯ ಮೇಲಿಂದ ಬೀಸುವ ಗಾಳಿಗೆ ಎದುರಾಗಿ, ತೆರೆದ ದೋಣಿಯಲ್ಲಿ, ನೀರು ಸಿಡಿಸಿಕೊಂಡು ಒಂದೂವರೆ ಗಂಟೆ ಅಲುಗಾಡದೆ ಕೂತವರಿಗೆ ಆ ಅಂಕಿಯ ನಿಜವಾದ ಅರ್ಥ ತಿಳಿಯುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ಪದರಗಳು ಮೇಲು: ಮೈಗೆ ಅಂಟುವಂತೆ ಮೆರಿನೊ ಉಣ್ಣೆಯ ಒಳಉಡುಪು, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್. ಹತ್ತಿಯ ಬನಿಯನ್ನು ಮತ್ತು ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಅವು ಹಡಗಿನೊಳಗಿನ ಉಡುಪಾಗಿಯೇ ಇರಲಿ. ಹಲವು ಕಂಪನಿಗಳು ಹೊರಜಾಕೆಟ್ಟನ್ನು ಉಡುಗೊರೆಯಾಗಿ ಕೊಡುತ್ತವೆ, ಮೊಣಕಾಲವರೆಗಿನ ರಬ್ಬರ್ ಬೂಟುಗಳನ್ನು ಎರವಲು ಕೊಡುತ್ತವೆ. ಕೊಳ್ಳುವ ಮುನ್ನ ಕೇಳಿ ನೋಡಿ. ಜಲನಿರೋಧಕ ಪ್ಯಾಂಟು ಮಾತ್ರ ನಿಮ್ಮದೇ ಆಗಿರಬೇಕು, ಮತ್ತು ಅದರ ಕಾಲು ಬೂಟಿನ ಹೊರಗೆ ಇಳಿಬಿದ್ದಿರಬೇಕು. ಒಳಗೆ ಸಿಕ್ಕಿಸಿಕೊಂಡರೆ ಒಂದೇ ಅಲೆಗೆ ಬೂಟು ತುಂಬಿ, ಇಡೀ ಮುಂಜಾನೆ ಒದ್ದೆ ಕಾಲುಚೀಲದಲ್ಲಿ ಕಳೆಯಬೇಕಾಗುತ್ತದೆ. ಕೈಗೆ ತೆಳುವಾದ ಒಂದು ಜೊತೆ ಗ್ಲೌಸು, ಅದರ ಮೇಲೆ ನೀರು ನುಗ್ಗದ ದಪ್ಪನೆಯದೊಂದು.

ಬೆಂಗಳೂರಿನಲ್ಲಿ ದೊಡ್ಡ ಕ್ಯಾಮೆರಾ ಲೆನ್ಸಿಗೆ ಲಕ್ಷಗಟ್ಟಲೆ ಸುರಿಯುವ ಮುನ್ನ ಇನ್ನೊಂದು ನಿಯಮವನ್ನು ನೆನಪಿಡಬೇಕು. ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರವಿರಬೇಕೆಂಬುದು ಈಗಿನ ಕಾನೂನು. ಅಷ್ಟು ದೂರದಿಂದ ಸಾಮಾನ್ಯ ಲೆನ್ಸುಗಳಲ್ಲಿ ಕರಡಿಯು ಕೆನೆಬಣ್ಣದ ಚುಕ್ಕೆಯಾಗಿ ಮೂಡುತ್ತದೆ. ಎಂಟು ಪಟ್ಟು ಹಿಗ್ಗಿಸುವ ಒಳ್ಳೆಯ ದುರ್ಬೀನು ಆ ಹೊತ್ತಿನಲ್ಲಿ ಯಾವ ಕ್ಯಾಮೆರಾಗಿಂತಲೂ ಹೆಚ್ಚನ್ನು ತೋರಿಸುತ್ತದೆ, ಕರಡಿ ಮೂಗೆತ್ತಿ ಗಾಳಿಯನ್ನು ಮೂಸುವುದೂ ಕಾಣುತ್ತದೆ. ಡ್ರೋನನ್ನು ಮನೆಯಲ್ಲೇ ಬಿಡಿ. ಸಂರಕ್ಷಿತ ಪ್ರದೇಶಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ಊಟಕ್ಕೆ ತೊಂದರೆಯಾಗದು. ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ನಾರ್ವೆಗೆ ಒಯ್ಯಲು ನಿರ್ಬಂಧವಿರುವುದರಿಂದ ತುಪ್ಪದ ಸಿಹಿತಿಂಡಿಗಳ ಬದಲು ಚಟ್ನಿಪುಡಿಯಂಥ ಒಣ ಪದಾರ್ಥ ಸಾಕು. ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರ ಮುಗಿಯುವವರೆಗೆ ಲಾಂಗಿಯರ್‌ಬೈನ್‌ನಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮವುಳ್ಳ ಜೈನ ಬಂಧುಗಳು ಗಡಿಯಾರವನ್ನು ನಂಬಿ ತಮ್ಮದೇ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕಾದೀತು. ನಿದ್ದೆಗೆ ಕಣ್ಣುಪಟ್ಟಿ ಇರಲಿ. ಕಡಲ ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಂಡು, ಹಡಗು ತೆರೆದ ಸಮುದ್ರಕ್ಕೆ ಹೋಗುವ ಮೊದಲೇ ನುಂಗಬೇಕು. ಫ್ಯೋರ್ಡುಗಳೊಳಗೆ ಅದರ ಅಗತ್ಯ ಬೀಳುವುದು ಕಡಿಮೆ.

ದೋಣಿಯೇರುವುದಕ್ಕೆ ಮುಂಚೆ

ಹಡಗೇರಿದ ಮೊದಲ ದಿನವೇ ಕಡ್ಡಾಯ ಸಭೆಯೊಂದು ನಡೆಯುತ್ತದೆ, ಅನಂತರ ಬೂಟು, ಚೀಲ, ಟ್ರೈಪಾಡಿನ ಕಾಲುಗಳ ತಪಾಸಣೆ. ಇದನ್ನು ಶಾಸ್ತ್ರಕ್ಕೆಂದು ಭಾವಿಸಬಾರದು. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಹೋಗಿಬಂದ ಚಾರಣದ ಬೂಟಿನ ಲೇಸಿನಲ್ಲಿ, ವೆಲ್ಕ್ರೋ ಪಟ್ಟಿಯಲ್ಲಿ, ಕಾಲುಚೀಲದ ಮಡಿಕೆಯಲ್ಲಿ ಉತ್ತರಾಣಿಯ ಬೀಜವೋ ಹುಲ್ಲಿನ ಮುಳ್ಳೋ ಸಿಕ್ಕಿಕೊಂಡಿರುವುದು ನಮಗೆ ಗೊತ್ತಿರುವುದೇ. ಉತ್ತರಾಣಿ ಅಲ್ಲಿ ಬದುಕಲಾರದು, ಆದರೆ ತಂಪು ದೇಶಗಳಲ್ಲಿ ತಿರುಗಿಬಂದ ಬೂಟುಗಳು ಹೊತ್ತು ತರುವ ಬೀಜಗಳು ಅಲ್ಲಿ ಮೊಳೆಯಬಲ್ಲವು. ಮನೆಯಲ್ಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಳವನ್ನು ಕೆರೆದು, ಜೇಬುಗಳನ್ನು ಒಳಮಗ್ಗುಲು ಮಾಡಿ ಕೊಡವಿ, ಚೀಲದ ಮೂಲೆಗಳನ್ನು ವ್ಯಾಕ್ಯೂಮಿನಿಂದ ಎಳೆದರೆ ಅಲ್ಲಿ ಸಾಲಿನಲ್ಲಿ ನಿಂತು ಚಿಮುಟದಿಂದ ಹೆಕ್ಕುವುದು ತಪ್ಪುತ್ತದೆ.

ದಡಕ್ಕೆ ಕರೆದೊಯ್ಯುವುದು ಝೋಡಿಯಾಕ್ ಎಂಬ ಗಾಳಿತುಂಬಿದ ರಬ್ಬರ್ ದೋಣಿ, ಒಂದಕ್ಕೆ ಹತ್ತು ಜನ. ಅದಕ್ಕಿಂತ ಬಹಳ ಮೊದಲೇ ಗೈಡುಗಳು ಬಂದೂಕು ಮತ್ತು ಕರಡಿಯನ್ನು ಬೆದರಿಸಲು ಬೆಳಕಿನ ಗುಂಡು ಹಾರಿಸುವ ಫ್ಲೇರ್ ಗನ್‌ಗಳೊಡನೆ ಹೋಗಿ, ದುರ್ಬೀನಿನಿಂದ ಪ್ರತಿ ಇಳಿಜಾರನ್ನೂ ಬಂಡೆಯ ಹಿಂಬದಿಯನ್ನೂ ಪರೀಕ್ಷಿಸಿ, ಎತ್ತರದ ಜಾಗಗಳಲ್ಲಿ ಕಾವಲು ನಿಂತ ಮೇಲಷ್ಟೇ ಹಡಗಿಗೆ ಕರೆ ಬರುತ್ತದೆ. ಈ ಹೊತ್ತಿನಲ್ಲಿ ಕೋಣೆಯಲ್ಲಿ ಪೂರ್ಣ ಉಡುಪು ತೊಟ್ಟು ಬೆವರುತ್ತ ಕೂರಬೇಡಿ. ಮೇಲಿನ ಪದರವನ್ನು ಕರೆ ಬಂದಾಗ ತೊಟ್ಟರಾಯಿತು. ಶೌಚಾಲಯಕ್ಕೆ ಮಾತ್ರ ಮರೆಯದೆ ಹೋಗಿಬನ್ನಿ. ದಡದಲ್ಲಿ ಅದರ ವ್ಯವಸ್ಥೆ ಇರುವುದಿಲ್ಲ, ಮರೆಗೆಂದು ಬಂಡೆಯ ಹಿಂದೆ ಒಬ್ಬರೇ ಹೋಗುವುದಂತೂ ಕರಡಿಯ ನಾಡಿನಲ್ಲಿ ಸಾಧ್ಯವಿಲ್ಲ.

ಹಡಗಿನಿಂದ ದೋಣಿಗಿಳಿಯುವ ಏಣಿಯಾದ ಗ್ಯಾಂಗ್‌ವೇಯ ಕೊನೆಯ ಮೆಟ್ಟಿಲಿನಲ್ಲಿ ಎರಡೂ ಕೈಗಳು ಖಾಲಿಯಿರಬೇಕು. ಕ್ಯಾಮೆರಾ ಚೀಲದೊಳಗಿರಲಿ, ಊರುಗೋಲಿದ್ದರೆ ನಾವಿಕರ ಕೈಗೆ ಕೊಡಿ. ದೋಣಿಯಲ್ಲಿರುವವರ ಬೆರಳುಗಳನ್ನು ಹಿಡಿಯದೆ ಮುಂಗೈಯನ್ನು ಹಿಡಿಯಬೇಕು, ಅವರು ನಿಮ್ಮ ಮುಂಗೈಯನ್ನು ಹಿಡಿಯುತ್ತಾರೆ. ಒದ್ದೆ ಗ್ಲೌಸು ಜಾರಿದರೂ ಈ ಹಿಡಿತ ಜಾರದು. ಅಲೆ ದೋಣಿಯನ್ನು ಮೇಲೆತ್ತಿದಾಗ ಅವರೇ ‘ಈಗ’ ಎನ್ನುತ್ತಾರೆ, ಅದಕ್ಕೆ ಮೊದಲು ಹೆಜ್ಜೆಯಿಡಬಾರದು. ಒಂದು ಕಾಲು ರಬ್ಬರಿನ ಅಂಚಿನ ಮೇಲೆ, ಇನ್ನೊಂದು ಕಾಲು ದೋಣಿಯ ತಳಕ್ಕೆ, ಆಮೇಲೆ ಅಂಚಿನ ಮೇಲೆ ಕುಳಿತು ಸರಿಯುತ್ತ ನಿಮ್ಮ ಜಾಗಕ್ಕೆ. ದೋಣಿಯಲ್ಲಿ ನಿಲ್ಲಬೇಕೆನಿಸಿದರೆ ಚಾಲಕರನ್ನು ಕೇಳಬೇಕು. ದಡ ಮುಟ್ಟಿದ ಮೇಲೆಯೂ ಕುಳಿತೇ ಮುಂದಕ್ಕೆ ಸರಿದು, ಅವರು ಹೇಳಿದ ಕಡೆಗೆ ಎರಡು ಕಾಲನ್ನೂ ಹೊರಗೆ ತಿರುಗಿಸಿ, ಮೊಣಕಾಲಿನ ಕೆಳಗಿನ ನೀರಿಗೆ ಇಳಿಯಬೇಕು. ಇದಕ್ಕೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಸಮತೋಲನ. ಹೊರಡುವ ಎರಡು ಮೂರು ತಿಂಗಳ ಮೊದಲಿನಿಂದ ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ನಿಧಾನವಾಗಿ ಇಳಿಯುವುದನ್ನೂ ಒಂಟಿಕಾಲಲ್ಲಿ ನಿಲ್ಲುವುದನ್ನೂ ಅಭ್ಯಾಸ ಮಾಡಿದರೆ ಅರವತ್ತು ದಾಟಿದವರಿಗೂ ಇದು ಕಷ್ಟವಲ್ಲ. ಮಂಡಿ ತೀರಾ ಸಹಕರಿಸದಿದ್ದರೆ ದಡಕ್ಕಿಳಿಯದೆ ದೋಣಿಯಲ್ಲೇ ಹಿಮನದಿಯ ಮುಂದೆ ಸುತ್ತುವ ಯಾನಗಳಿಗೆ ಹೋಗಬಹುದು, ಮತ್ತು ಅದರಲ್ಲಿ ಕಳೆದುಕೊಳ್ಳುವುದು ಅಷ್ಟೇನಿಲ್ಲ.

ದಡದ ಮೇಲೆ

ನಡಿಗೆಯ ವೇಗಕ್ಕೆ ತಕ್ಕಂತೆ ಗುಂಪುಗಳನ್ನು ಮಾಡುತ್ತಾರೆ. ಹಮ್ಮಿಗೆ ಬಿದ್ದು ವೇಗದ ಗುಂಪನ್ನು ಸೇರಬಾರದು, ಏಕೆಂದರೆ ನಡುವೆ ಸುಸ್ತಾದವರನ್ನು ಒಬ್ಬರೇ ಹಿಂದಕ್ಕೆ ಕಳುಹಿಸಲಾಗದೆ ಇಡೀ ಗುಂಪೇ ಹಿಂತಿರುಗಬೇಕಾಗುತ್ತದೆ. ಬಂದೂಕು ಹಿಡಿದ ಗೈಡಿಗಿಂತ ಮುಂದೆ ಹೋಗಬಾರದು, ಚಿತ್ರ ತೆಗೆಯುತ್ತ ಹಿಂದೆ ಉಳಿಯಲೂಬಾರದು. ಕರಡಿ ಕಂಡಿದೆಯೆಂಬ ಸುದ್ದಿ ರೇಡಿಯೊದಲ್ಲಿ ಬಂದರೆ ಮಾತು ನಿಲ್ಲಿಸಿ, ಒತ್ತಾಗಿ ಸೇರಿ, ಓಡದೆ ದೋಣಿಯ ಕಡೆಗೆ ನಡೆಯಬೇಕು. ಹತ್ತು ನಿಮಿಷದ ಹಿಂದೆ ಇಳಿದಿದ್ದರೂ ಆ ಲ್ಯಾಂಡಿಂಗ್ ಅಲ್ಲಿಗೆ ಮುಗಿಯಿತು. ಇದನ್ನು ಕುರಿತು ಗೈಡಿನೊಂದಿಗೆ ವಾದಿಸುವ ಪ್ರಯಾಣಿಕರು ಪ್ರತಿ ಹಡಗಿನಲ್ಲೂ ಒಬ್ಬರಾದರೂ ಇರುತ್ತಾರೆ. 1973ರಿಂದ ಅಲ್ಲಿ ಹಿಮಕರಡಿಗೆ ಪೂರ್ಣ ರಕ್ಷಣೆಯಿದೆ, ಆತ್ಮರಕ್ಷಣೆಗಾಗಿ ಕೊಂದರೂ ರಾಜ್ಯಪಾಲರ ಕಚೇರಿ ತನಿಖೆ ನಡೆಸುತ್ತದೆ. ಅಂಥ ಸ್ಥಿತಿ ಒದಗದಂತೆ ನೋಡಿಕೊಳ್ಳುವುದೇ ಗೈಡಿನ ಕೆಲಸದ ತಿರುಳು.

ನೆಲದಲ್ಲಿ ಕಾಲಿಡುವುದಕ್ಕೂ ಕ್ರಮವಿದೆ. ಪಾಚಿ ಮತ್ತು ಹೂವಿನ ದಿಂಬುಗಳನ್ನು ಬಿಟ್ಟು ಜಲ್ಲಿ, ಕಲ್ಲು, ಹಿಮದ ಮೇಲೆ ನಡೆಯಬೇಕು. ಅಲ್ಲಿ ವಿಲ್ಲೋ ಮರವೇ ಕೆಲವು ಸೆಂಟಿಮೀಟರ್ ಎತ್ತರಕ್ಕೆ ನೆಲಕ್ಕಂಟಿ ಬೆಳೆಯುವುದರಿಂದ, ಹುಲ್ಲೆಂದುಕೊಂಡು ತುಳಿದದ್ದು ನಿಮಗಿಂತ ಹಿರಿಯ ಮರವಾಗಿರಬಹುದು. ಹಕ್ಕಿಜ್ವರದ ಮುನ್ನೆಚ್ಚರಿಕೆಯಾಗಿ ನೆಲದ ಮೇಲೆ ಕೂರಬೇಡಿ, ಮೊಣಕಾಲೂರಬೇಡಿ ಎಂದು ಗೈಡುಗಳು ಹೇಳಿದರೆ ಒಳ್ಳೆಯ ಚಿತ್ರಕ್ಕಾಗಿ ಮುರಿಯಬಾರದು. ಆರ್ಕ್ಟಿಕ್ ಟರ್ನ್ ಹಕ್ಕಿಯ ಗೂಡಿನ ಹತ್ತಿರ ಹೋದರೆ ಅದು ಕಿರುಚುತ್ತ ಮೇಲಿನಿಂದೆರಗಿ ನೆತ್ತಿಯನ್ನು ಕುಕ್ಕುತ್ತದೆ. ಅದು ಎರಗುವುದು ಎಲ್ಲಕ್ಕಿಂತ ಎತ್ತರದ ತುದಿಗಾದ್ದರಿಂದ ಕೈಯನ್ನೋ ಊರುಗೋಲನ್ನೋ ತಲೆಯ ಮೇಲೆ ನೆಟ್ಟಗೆ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು, ಬೀಸಬಾರದು. ಉದ್ದ ಕೋರೆಯ ಕಡಲಪ್ರಾಣಿಗಳಾದ ವಾಲ್ರಸ್‌ಗಳ ಗುಂಪಿದ್ದರೆ ಸಾಲಾಗಿ, ತಗ್ಗಿದ ದನಿಯಲ್ಲಿ, ಗೈಡು ಎಳೆದ ಗೆರೆಯವರೆಗೆ ಮಾತ್ರ. ಅವು ತಲೆಯೆತ್ತಿ ನಮ್ಮ ಕಡೆ ನೋಡತೊಡಗಿದರೆ ನಾವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೇವೆ. ಹಿಮನದಿಯ ಮುಂದಿನ ದಡದಲ್ಲಿ ನೀರಂಚಿಗೆ ನಿಲ್ಲುವುದು ಅಪಾಯ, ಏಕೆಂದರೆ ಗಡ್ಡೆ ಕಳಚಿಬಿದ್ದ ಸದ್ದು ಅಡಗಿದ ಮೇಲೆಯೇ ಅದರ ಅಲೆ ದಡಕ್ಕೆ ಬರುತ್ತದೆ.

ಕಲ್ಲು, ಕೊಂಬು, ಮೂಳೆ, ತುಕ್ಕುಹಿಡಿದ ಮೊಳೆ ಯಾವುದನ್ನೂ ಎತ್ತಿಕೊಳ್ಳುವಂತಿಲ್ಲ. 1946ಕ್ಕೆ ಹಿಂದಿನ ಮಾನವ ಚಟುವಟಿಕೆಯ ಕುರುಹುಗಳೆಲ್ಲವೂ, ಅವುಗಳ ಸುತ್ತಲಿನ ನೂರು ಮೀಟರ್ ಜಾಗದೊಡನೆ, ಕಾನೂನಿನಿಂದ ರಕ್ಷಿತ. ವಾಯವ್ಯದ ಆಮ್ಸ್ಟರ್ಡಾಮ್ ದ್ವೀಪದಲ್ಲಿ, 17ನೆಯ ಶತಮಾನದ ಡಚ್ ತಿಮಿಂಗಿಲ ಬೇಟೆಗಾರರು ಕಟ್ಟಿದ ಸ್ಮೇರೆನ್‌ಬರ್ಗಿನಲ್ಲಿ, ಇದರ ಕಾರಣ ಕಣ್ಣಿಗೇ ಕಾಣುತ್ತದೆ. ಮೇಲುನೋಟಕ್ಕೆ ಅಲ್ಲಿರುವುದು ಮರಳಿನ ಮೇಲೆ ಕಪ್ಪನೆಯ, ಅರೆವೃತ್ತದ ದಿಂಡುಗಳಷ್ಟೆ. ತಿಮಿಂಗಿಲದ ಕೊಬ್ಬನ್ನು ಕಾಯಿಸುತ್ತಿದ್ದ ಒಲೆಗಳ ಸುತ್ತ ಚೆಲ್ಲಿದ ಎಣ್ಣೆ ಮರಳಿನೊಂದಿಗೆ, ಜಲ್ಲಿಯೊಂದಿಗೆ ಬೆರೆತು ಗಾರೆಯಂತೆ ಗಟ್ಟಿಯಾಗಿ ನಾನೂರು ವರ್ಷದ ಬಳಿಯ ಕಾಲವನ್ನು ತಾಳಿಕೊಂಡಿದೆ. ಯಾರಾದರೂ ಬೂಟಿನ ತುದಿಯಿಂದ ತಟ್ಟಿ ನೋಡಿದರೆ ಅಂಚು ಉದುರುತ್ತದೆ, ವರ್ಷಕ್ಕೆ ಸಾವಿರಾರು ಬೂಟುಗಳು ಬರುತ್ತವೆ.

ನಿ-ಓಲೆಸುಂಡ್

ಹವೆ ಅನುಕೂಲವಾಗಿದ್ದರೆ ಪಶ್ಚಿಮದ ಕಾಂಗ್ಸ್‌ಫ್ಯೋರ್ಡಿನಲ್ಲಿರುವ ಈ ಸಂಶೋಧನಾ ಗ್ರಾಮಕ್ಕೆ ಹಲವು ಹಡಗುಗಳು ಹೋಗುತ್ತವೆ. 1926ರಲ್ಲಿ ನಾರ್ವೆಯ ಧ್ರುವಾನ್ವೇಷಕ ಅಮುಂಡ್ಸೆನ್ ತಂಡದ ‘ನೋರ್ಗೆ’ ವಾಯುನೌಕೆಯನ್ನು ಧ್ರುವಯಾನಕ್ಕೆ ಮೊದಲು ಕಟ್ಟಿಹಾಕಿದ್ದ ಕಂಬ ಇಲ್ಲಿದೆ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವೂ ಇಲ್ಲಿಯೇ ಇದೆ. 2008ರ ಜುಲೈ 1ರಂದು ಆರಂಭವಾದ ಅದನ್ನು ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಡೆಸುತ್ತದೆ, 2023ರ ಡಿಸೆಂಬರಿನಿಂದ ಚಳಿಗಾಲದ ಕತ್ತಲಿನಲ್ಲೂ ಅಲ್ಲಿಗೆ ವಿಜ್ಞಾನಿಗಳು ಹೋಗತೊಡಗಿದ್ದಾರೆ. ಅದು ಕೆಲಸದ ಜಾಗ, ಹೊರಗಿನಿಂದ ನೋಡಿ ಸಂತೋಷಪಡಬೇಕು. ಬಾಗಿಲು ತಟ್ಟಿ ಪರಿಚಯ ಹೇಳಿಕೊಳ್ಳುವುದು ಸಲ್ಲದು. ಊರು ಸಮೀಪಿಸುವ ಮೊದಲೇ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ ವೈಫೈ, ಬ್ಲೂಟೂತ್ ಎರಡನ್ನೂ ಆರಿಸಬೇಕು, ಸ್ಮಾರ್ಟ್ ವಾಚು ಮತ್ತು ಇಯರ್‌ಫೋನನ್ನೂ ಸೇರಿಸಿ. ಬಹುದೂರದ ಗೆಲಾಕ್ಸಿಗಳ ಪ್ರಜ್ವಲ ಕೇಂದ್ರಗಳಾದ ಕ್ವೇಸಾರುಗಳ ಕ್ಷೀಣ ಸಂಕೇತಗಳನ್ನು ಹಿಡಿದು ಭೂಮಿಯ ಚಲನೆಯನ್ನು ಅಳೆಯುವ ರೇಡಿಯೊ ದೂರದರ್ಶಕಗಳು ಅಲ್ಲಿರುವುದರಿಂದ ಸುತ್ತಲಿನ 20 ಕಿಲೋಮೀಟರ್ ರೇಡಿಯೊ ಮೌನದ ವಲಯವಾಗಿದೆ. ಗ್ರಾಮದಲ್ಲಿ ರಸ್ತೆಯನ್ನು ಬಿಟ್ಟು ನಡೆಯುವಂತಿಲ್ಲ, ನೆಲದ ಮೇಲೇ ಗೂಡುಕಟ್ಟುವ ಹಕ್ಕಿಗಳು ರಸ್ತೆಯ ಪಕ್ಕದಲ್ಲೇ ಇರುತ್ತವೆ.

ಹಡಗಿಗೆ ಮರಳುವಾಗ ಬೂಟನ್ನು ದಡದ ನೀರಿನಲ್ಲೊಮ್ಮೆ, ಹಡಗಿನ ಸೋಂಕುನಿವಾರಕ ತೊಟ್ಟಿಯಲ್ಲೊಮ್ಮೆ ತೊಳೆದು, ನಿಮ್ಮ ಹೆಸರಿನ ಟ್ಯಾಗನ್ನು ಹಲಗೆಯಲ್ಲಿ ತಿರುಗಿಸಬೇಕು ಅಥವಾ ಕಾರ್ಡನ್ನು ಸ್ಕ್ಯಾನ್ ಮಾಡಿಸಬೇಕು. ಬಿಸಿ ಚಹದ ಆತುರದಲ್ಲಿ ಇದನ್ನು ಮರೆತರೆ ನೀವು ಇನ್ನೂ ದಡದಲ್ಲಿದ್ದೀರೆಂದೇ ಲೆಕ್ಕವಾಗಿ, ಹಡಗಿನ ಧ್ವನಿವರ್ಧಕದಲ್ಲಿ ನಿಮ್ಮ ಹೆಸರು ಮೊಳಗುತ್ತದೆ, ಉತ್ತರ ಸಿಗುವವರೆಗೆ ಲಂಗರು ಏಳುವುದಿಲ್ಲ. ಯಾನದ ಕೊನೆಯ ದಿನ ಬೆಳಗ್ಗೆಯೇ ಲಾಂಗಿಯರ್‌ಬೈನ್‌ನಲ್ಲಿ ಇಳಿಸುತ್ತಾರಾದರೂ ಮಂಜಿನಿಂದ ಹಡಗು ತಡವಾಗುವುದುಂಟು. ಓಸ್ಲೋಗೆ ಮಧ್ಯಾಹ್ನದ ನಂತರದ ವಿಮಾನವನ್ನೂ, ಅಲ್ಲಿಂದ ಬೆಂಗಳೂರಿಗೆ ಮರುದಿನದ ವಿಮಾನವನ್ನೂ ಕಾಯ್ದಿರಿಸಿಕೊಳ್ಳಿ.